ಶಲವಡಿ ಮನೆಯ ಮೂರನೆಯ ದೂರು

ಹೊಳೆಪ್ಪ ಚಹಾ ಮುಟ್ಟಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಆಗಷ್ಟೇ ಕಂಡದ್ದು ಅವನ ಬಾಯಿಯ ರುಚಿ ಕೆಡಿಸಿತ್ತು. ದೋಷ ಕೇಬಲ್ಲಿನಲ್ಲಿರಲಿಲ್ಲ. ರೂಟರಿನಲ್ಲೂ ಇರಲಿಲ್ಲ. ಅದು ಈ ಮನೆಯ ಮನುಷ್ಯರಲ್ಲಿತ್ತು.

ಅಣ್ಣಿಗೇರಿಯ ಇಂಟರ್‌ನೆಟ್ ಕಂಪನಿಯೊಂದರಲ್ಲಿ ಅವನು ಹನ್ನೊಂದು ವರ್ಷದಿಂದ ರಿಪೇರಿ ಕೆಲಸ ಮಾಡುತ್ತಿದ್ದ. ಶಲವಡಿಯ ಈ ಮನೆಗೆ ಒಂದೇ ತಿಂಗಳಲ್ಲಿ ಇದು ಮೂರನೆಯ ಸಲ. ದೂರು ಮಾತ್ರ ಅದೇ. ಮನೆಯೊಳಗೆ ಮೊಬೈಲ್ ಟವರ್ ಸಿಗುವುದಿಲ್ಲ. ಮಾತೆಲ್ಲ ವೈಫೈ ಮೇಲೆ. ಸೊಸೆ ಸುನಿತಾಳಿಗೆ ಮಿಶ್ರಿಕೋಟಿಯಿಂದ ಅವಳ ಅಣ್ಣ ಸಂಗನಬಸವ ದಿನಾ ಸಂಜೆ ಆರಕ್ಕೆ ಇಂಟರ್‌ನೆಟ್ ಕರೆ ಮಾಡುತ್ತಾನೆ. ರಿಂಗ್ ಆಗುತ್ತದೆ. ಅವಳು ಎತ್ತುತ್ತಾಳೆ. ಆಮೇಲೆ ಎರಡೂ ಕಡೆ ದನಿಯಿಲ್ಲ. ಹಾಡು ಬರುತ್ತದೆ, ಧಾರಾವಾಹಿ ಬರುತ್ತದೆ. ಮಾತು ಬರುವುದಿಲ್ಲ.

ಮೊದಲ ಸಲ ಬಂದಾಗ ಕೇಬಲ್ ಬದಲಿಸಿದ್ದ. ಎರಡನೆಯ ಸಲ ರೂಟರನ್ನೇ ಬದಲಿಸಿದ. ಮೂರು ದಿನ ಸರಿಯಿತ್ತು. ನಾಲ್ಕನೆಯ ದಿನ ಮತ್ತೆ ದನಿಯಿಲ್ಲ.

ಇಂದು ಒಂದು ತಾಸು ಕೂತು ಒಂದೊಂದೇ ಪರೀಕ್ಷೆ ಮಾಡಿದ. ವೇಗ ಸರಿ. ಕಳಿಸಿದ ಮಾಹಿತಿ ಎಲ್ಲೂ ಸೋರುತ್ತಿಲ್ಲ. ಕೊನೆಗೆ ರೂಟರಿನ ಒಳಪುಟಗಳಲ್ಲಿ, ಯಾರೂ ಕೈಹಾಕದ ಮೂಲೆಯಲ್ಲಿ ಆ ಸಾಲು ಸಿಕ್ಕಿತು. ಯಾರೋ ಕೈಯಾರೆ ಬರೆದ ನಿಯಮ. ಕರೆಯ ದನಿ ಸಾಗುವ ದಾರಿ ಬಂದ್. ಸಂಜೆ ಐದೂವರೆಯಿಂದ ಒಂಬತ್ತರವರೆಗೆ. ಇಡೀ ಮನೆಗೆ.

ರೂಟರಿನ ಪಾಸ್‌ವರ್ಡನ್ನು ಹೊಳೆಪ್ಪನೇ ಚೀಟಿಯಲ್ಲಿ ಬರೆದು ಸುನಿತಾಳ ಗಂಡ ಪ್ರಭುವಿನ ಕೈಗೆ ಕೊಟ್ಟಿದ್ದ. ಪ್ರಭು ಅದನ್ನು ಅಲ್ಲೇ ಗೋಡೆಗೆ ಅಂಟಿಸಿ, ನವಲಗುಂದದ ಬೀಜದ ಅಂಗಡಿಗೆ ಹೋಗಿಬಿಟ್ಟಿದ್ದ.

ಹೊಳೆಪ್ಪನಿಗೆ ಇಂಥ ಮನೆಗಳು ಗೊತ್ತಿದ್ದವು. ಅವನ ಅಕ್ಕನನ್ನು ಕೊಟ್ಟ ಮನೆಯಲ್ಲಿ ಅವಳ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಆ ಬೀಗವಾದರೂ ಕಣ್ಣಿಗೆ ಕಾಣುತ್ತಿತ್ತು. ಇವರದು ಅದಕ್ಕಿಂತ ಹೊಲಸು.

"ಏನರ ಗೊತ್ತಾತೇನ್ರಿ?" ಎದುರಿಗೆ ಕೂತಿದ್ದ ಅತ್ತೆ ಮಲ್ಲಕ್ಕ ಕೇಳಿದಳು. ಮೂರೂ ಸಲ ದೂರು ಕೊಟ್ಟವಳು ಅವಳೇ. "ನಮ್ಮ ಸೊಸಿ ಕಂಪ್ಯೂಟರ್ ಕಲತಾಕಿ. ಅಕಿಗೂ ತಿಳೀವಲ್ತು. ತವರಿನ ದನಿ ಕೇಳಲಾರದ ಹೆಣ್ಣಮಗಳ ಗಂಟಲದಾಗ ತುತ್ತು ಹೆಂಗ ಇಳೀಬೇಕ್ರಿ?"

ಎಂಥ ನಾಟಕ, ಅಂದುಕೊಂಡ ಹೊಳೆಪ್ಪ.

"ಹುಳುಕು ಸಿಕ್ಕೈತ್ರಿ," ಅಂದ, ಅವಳ ಮುಖವನ್ನೇ ನೋಡುತ್ತ.

"ಹಂಗಾರ ಕಿತ್ತ ಒಗೀರಿ ಅದನ್ನ." ಮಲ್ಲಕ್ಕನ ಕಣ್ಣು ಮಿಟುಕಲಿಲ್ಲ. ತಟ್ಟೆಯಲ್ಲಿದ್ದ ಚಹಾದ ಬಟ್ಟಲು ನೋಡಿದಳು. "ಚಾ ಆರೇತಿ. ಬಿಸಿ ಮಾಡಿ ತರತೀನಿ."

ಅವಳು ಅಡುಗೆಮನೆಗೆ ಹೋದ ಮೇಲೆ ಹೊಳೆಪ್ಪ ಆ ನಿಯಮವನ್ನು ಅಳಿಸಿದ. ಆ ಪುಟ ಮುಚ್ಚಿದ. ಬಾಗಿಲಿಗೆ ಒರಗಿ ನಿಂತಿದ್ದ ಸುನಿತಾಳ ಮುಖ ಬಿಳುಪೇರಿತ್ತು.

"ಹೆದರಬ್ಯಾಡ್ರಿ ತಂಗಿ. ಯಾರ ಬಂದ್ ಮಾಡಿದ್ರು ನನಗ ಗೊತ್ತಾಗೇತಿ."

ಅವಳು ಬೆಚ್ಚಿದಳು. "ಇರಲಿ ಬಿಡ್ರಿ. ಇವತ್ತ ತಗೀಬ್ಯಾಡ್ರಿ."

"ಎಷ್ಟ ದಿನ ಅಂತ ಹಿಂಗ ಇರ್ತೀರಿ?"

ಫೋನು ರಿಂಗಾಯಿತು. ಆರು ಗಂಟೆ. ಸುನಿತಾ ಎತ್ತಲಿಲ್ಲ.

"ಎತ್ರಿ. ಸ್ಪೀಕರಿಗೆ ಹಾಕ್ರಿ. ದನಿ ಹೆಂಗ ಬರತೈತಿ ನೋಡಬೇಕು ನಾನು."

ಅವಳು ಎತ್ತಿದಳು. ಅಣ್ಣನ ದನಿ ಬಾಜೂ ಕೋಣೆಯಿಂದ ಬಂದಷ್ಟು ಸ್ವಚ್ಛವಾಗಿ ಬಂತು.

"ಬಂತೇನು ನಿನ್ನ ನೆಟ್‌ವರ್ಕು? ಕೇಳಿಲ್ಲಿ. ಶನಿವಾರ ಕಲಘಟಗಿಗೆ ಬಂದು ಹೊಲ ಬಿಟ್ಟಕೊಟ್ಟ ಕಾಗದಕ್ಕ ಸಹಿ ಹಾಕ್ತಿ. ಅಪ್ಪನ ಹೊಲದಾಗ ಪಾಲು ಕೇಳೂ ಮಾರಿ ನೋಡಕೊಂಡೀಯೇನು? ಹಾಕಲಿಲ್ಲಂದ್ರ ನಿಮ್ಮತ್ತಿ ಕಿವ್ಯಾಗ ಎರಡ ಮಾತ ಹಾಕ್ತೀನಿ. ಕಾಲೇಜಿನಾಗ ಯಾರ ಜೋಡಿ ಓಡಾಡತಿದ್ದಿ ಅಂತ ಹುಟ್ಟಿಸಿ ಹೇಳ್ತೀನಿ. ಖರೇ ಇರಬೇಕಂತೇನಿಲ್ಲ, ಹೇಳಿದ್ರ ಸಾಕು. ಎಂಟ ದಿನದಾಗ ನಿನ್ನ ಮನಿಂದ ಹೊರಗ ಹಾಕ್ತಾರ. ಅಕಿ ಕೈಯಾಗ ಕೊಡು ಫೋನು. ಕೊಡು ಅಂದೆ."

ಹೊಳೆಪ್ಪನ ಕೈ ಲ್ಯಾಪ್‌ಟಾಪಿನಿಂದ ಹಿಂದೆ ಸರಿಯಿತು.

ಸ್ಟೋವಿನ ಸದ್ದಿನಲ್ಲಿ ಮಾತು ತಿಳಿಯದೆ, ದನಿಯಷ್ಟೇ ಕೇಳಿದ ಮಲ್ಲಕ್ಕ ಅಡುಗೆಮನೆಯಿಂದ ಕೂಗಿದಳು. "ದನಿ ಬಂತೇನ ಸುನಿತಾ? ಕಟ್ ಮಾಡಬ್ಯಾಡ, ಬಂದೆ. ನಾನೂ ಒಂದೀಟು ಮಾತಾಡ್ತೀನಿ."

ಆ ದನಿಯಲ್ಲಿದ್ದ ಹಿಗ್ಗು ನಾಟಕದ್ದಾಗಿರಲಿಲ್ಲ.

ಸುನಿತಾ ಫೋನನ್ನು ಟೇಬಲ್ ಮೇಲಿಟ್ಟಳು. ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಹೊಳೆಪ್ಪ ಒಂದು ತಾಸು ತಡಕಾಡಿ ಮುಟ್ಟಿದ್ದ ಪುಟಕ್ಕೆ ಅವಳ ಬೆರಳುಗಳು ಎಲ್ಲೂ ನಿಲ್ಲದೆ ಹೋದವು. ಗೋಡೆಯ ಚೀಟಿಯನ್ನೂ ಅವಳು ನೋಡಲಿಲ್ಲ. ಅಳಿಸಿದ ಸಾಲನ್ನು ಅಕ್ಷರಕ್ಕೆ ಅಕ್ಷರ ಮತ್ತೆ ಬರೆದಳು. ಐದೂವರೆಯಿಂದ ಒಂಬತ್ತು, ಇಡೀ ಮನೆಗೆ. ಸಂಗನಬಸವನ ಬೈಗುಳ ನಡುವೆಯೇ ಕಡಿದು ನಿಂತಿತು.

ಅವಳು ಹೊಳೆಪ್ಪನ ಕಡೆ ಒಮ್ಮೆ ನೋಡಿದಳು. ಅವನಿಗೆ ಈಗ ಯಾರ ಮೇಲೆ ಹೇಸಿಗೆಯೆಂದು ತಿಳಿಯಿತು. ಒಂದೇ ತಿಂಗಳಲ್ಲಿ ಎರಡು ಸಲ, ರೂಟರ್ ಬದಲಿಸಿ ಒಮ್ಮೆ, ಇವತ್ತೊಮ್ಮೆ, ಆ ಬಾಯಿಗೆ ಈ ಮನೆಯೊಳಗೆ ದಾರಿ ಮಾಡಿಕೊಟ್ಟವನು ತಾನೇ.

ಮಲ್ಲಕ್ಕ ಹೊಗೆಯಾಡುವ ಬಟ್ಟಲು ಹಿಡಿದು ಬಂದಳು. ಫೋನನ್ನು ಕಿವಿಗಿಟ್ಟುಕೊಂಡು ಎರಡು ಸಲ "ಹಲೋ" ಅಂದಳು. ಮುಖ ಸಣ್ಣದಾಯಿತು. "ಮತ್ತ ಹೋತೇನ್ರಿ?"

"ಹೋತ್ರಿ ಅವ್ವಾರ," ಹೊಳೆಪ್ಪ ಲ್ಯಾಪ್‌ಟಾಪ್ ಮುಚ್ಚಿದ. "ಇದು ಲೈನಿನ ದೋಷ. ಇನ್ನ ಎಷ್ಟ ಸಲ ಕರದ್ರೂ ಸರಿ ಆಗೂದಿಲ್ರಿ."