ರೊಟ್ಟಿ ಬಡಿತ ನಿಂತಾಗ

"ಅಮ್ಮನ ಡಿಪ್ರೆಶನ್ ಬಗ್ಗೆ ಹೇಳು ವೈಶಾಲಿ, ಎಂ.ಎ. ಸೀಟಿನ ಇಂಟರ್‌ವ್ಯೂನಲ್ಲಿ ವಹೀ ಚಲ್ತಾ ಹೈ, ಅದೇ ನಡೆಯೋದು," ಎಂದು ಪಿಎಚ್‌ಡಿ ಮಾಡುತ್ತಿದ್ದ ಗೆಳತಿ ಮಾಧುರಿ ಸ್ಪೀಕರ್ ಫೋನಿನಲ್ಲಿ ಹೇಳಿದ್ದೇ ತಡ, ಒಲೆಯ ಪಕ್ಕ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಮುಂಬೈನ ವಿಕ್ರೋಳಿಯ ಚಾಳಿನ ಆ ಒಂದೇ ಕೋಣೆಯಲ್ಲಿ ಗುಟ್ಟಿಗೆ ಜಾಗವೆಲ್ಲಿ? "ಇಂಜಿನಿಯರ್‌ಗೆ ಸೈಕಾಲಜಿ ಯಾಕೆ ಅಂತ ಕೇಳೇ ಕೇಳ್ತಾರೆ. ಎರಡು ವರ್ಷ ಮಾತೇ ಬಿಟ್ಟಿದ್ದ ಅಮ್ಮ ಅಂದ್ರೆ, ಕೇಳಿಲ್ಲಿ, ಎಲ್ಲರೂ ಕರಗಿ ಹೋಗ್ತಾರೆ."

ವೈಶಾಲಿಗೆ ಮೈಯೆಲ್ಲ ಉರಿದುಹೋಯಿತು. ಫ್ಯಾಕ್ಟರಿ ಕೆಲಸ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ವರ್ಷವಿಡೀ ಓದಿದ್ದಕ್ಕೆ ಬೆಲೆಯಿಲ್ಲ, ಅವ್ವನ ಸಂಕಟಕ್ಕೆ ಬೆಲೆ! "ನಮ್ಮವ್ವ ನಿಮಗೆ ತೋರಿಸೋ ಕೇಸ್ ಅಲ್ಲ. ಫೋನ್ ಇಡು!" ಎಂದು ಕಿರುಚಿ ತಾನೇ ಕಟ್ ಮಾಡಿದಳು. "ಅವ್ವಾ, ಅಕೀ ಮಾತು ಮನಸ್ಸಿಗೆ ಹಚ್ಕೋಬ್ಯಾಡ. ನಿನ್ನ ಬ್ಯಾನಿ ಸುದ್ದಿ ನಾ ಯಾರಿಗೂ ಹೇಳಂಗಿಲ್ಲ."

"ಬ್ಯಾನಿ?" ಚಂದ್ರವ್ವ ಹಿಟ್ಟಿನ ಕೈಯಲ್ಲೇ ತಿರುಗಿದಳು. ಕಣ್ಣು ಕೆಂಡವಾಗಿದ್ದವು. "ಯಾರಿಗಿತ್ತ ಬ್ಯಾನಿ? ನಿಮ್ಮಪ್ಪ ನನ್ನ ಒಂದ್ ಮಾತು ಕೇಳದ, ನನ್ನ ಕ್ಯಾಂಟೀನ್ ಕೆಲಸ ಬಿಡಿಸಿ ಬಂದ. ಆ ಸಿಟ್ಟಿಗೆ ಬಾಯಿ ಮುಚ್ಚಿದ್ನಿ. ಯಾಕ ಅಂತ ಯಾರರ ಕೇಳ್ತಾರ ಅಂತ ಕಾದ್ನಿ. ಎಲ್ಲಾರೂ ಕೂಡಿ ಡಾಕ್ಟರ್ ಕಡೆ ಒಯ್ದು ಗುಳಗಿ ನುಂಗಿಸಿದ್ರಿ."

ಅವಳ ಅಂಗೈ ಮತ್ತೆ ರೊಟ್ಟಿಯ ಮೇಲೆ ಫಟ್ಟನೆ ಬಿತ್ತು.

"ಮಂದಿ ಮನಸ್ಸು ಓದಾಕ ಹೊಂಟಾಕಿ ನೀ. ನೀನೂ ಕೇಳಲಿಲ್ಲ."