ಕಿವಿಯಲ್ಲಿ ಕೂತ ಶ್ರುತಿ

ಸಂಗೀತ ಕಲಿಯುವ ಮೊಮ್ಮಗಳು ಇವತ್ತು ಕಿವಿಗೆ ಇಟ್ಟುಕೊಳ್ಳುವ ರಬ್ಬರ್ ಬಿರಡೆಗಳನ್ನು ನನ್ನ ಅಂಗೈಗೆ ಹಾಕಿ, "ಅಜ್ಜಿ, ಸ್ಪೀಕರ್ ಹತ್ರ ಹಾಡೋವಾಗ ಇದಿಲ್ದೆ ನಮ್ಮ ಮಿಸ್ ಕೂರಿಸೋದೇ ಇಲ್ಲ" ಎಂದಾಗ ಖುಷಿಯಿಂದ ಅವನ್ನು ಮೂಗಿನ ಹತ್ತಿರ ಹಿಡಿದೆ. ಆ ರಬ್ಬರಿನ ವಾಸನೆ ನನ್ನನ್ನು ಪೀಣ್ಯದ ಭಜನೆ ಕೋಣೆಗೆ ಎಳೆದುಕೊಂಡು ಹೋಯಿತು.

ಆಗ ನನಗೆ ಒಂಬತ್ತು ವರ್ಷ. ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದರೆಂದು ಭಜನೆ ಹೇಳಿಕೊಡುವ ಮೇಷ್ಟ್ರು ಬಾಗಿಲು, ಕಿಟಕಿ ಎರಡನ್ನೂ ಹಾಕಿ ಸ್ಪೀಕರನ್ನು ಪೂರ್ತಿ ಏರಿಸಿದ್ದರು. ಕಾದ ವೈರಿನಿಂದ ಇದೇ ವಾಸನೆ ಬರುತ್ತಿತ್ತು. ಸ್ಪೀಕರಿನ ಬಾಯಿ ನನ್ನ ಎಡಗಿವಿಗೆ ಒಂದು ಮೊಳ ದೂರದಲ್ಲಿತ್ತು. ಸರಿದು ಕೂರೋಣವೆಂದರೆ ಹಿಂದೆ ಗೋಡೆ, ಮುಂದೆ ಹಾರ್ಮೋನಿಯಂ, ಬಲಕ್ಕೆ ಅವ್ವನ ಮಂಡಿ.

"ಕಿವಿ ಗುಂಯ್ ಅಂತೈತೆ ಮೇಷ್ಟ್ರೇ, ಆಚೆ ಓಯ್ತೀನಿ" ಎಂದು ಎರಡು ಸಲ ಕೂಗಿದ ಮೇಲೆ ಮೇಷ್ಟ್ರಿಗೆ ಕೇಳಿಸಿತು.

ಅವರು ನಕ್ಕರು. "ಅದು ಶ್ರುತಿ ಕಣಮ್ಮ, ಕಿವೀಲಿ ಕೂತೈತೆ. ನಂಗೆ ಕೂರಾಕೆ ಹತ್ತು ವರ್ಷ ಬೇಕಾಯ್ತು."

ಏಳಹೊರಟ ನನ್ನನ್ನು ಅವ್ವ ತೋಳು ಹಿಡಿದು ಕೂರಿಸಿದಳು. "ಕುಂತ್ಕೊ. ಬಂದಿರೋ ಶ್ರುತೀನ ಓಡಿಸ್ಬೇಡ."

ಸಂಜೆ ಮನೆಗೆ ಬರುವಾಗ ಎಡಗಡೆ ನಡೆಯುತ್ತಿದ್ದ ಅವ್ವ ನನ್ನನ್ನು ಮೂರು ಸಲ ಕರೆದಳಂತೆ. ನನಗೆ ಒಂದೂ ಕೇಳಲಿಲ್ಲ. ಶ್ರುತಿ ಎಷ್ಟು ಗಟ್ಟಿಯಾಗಿ ಕೂತಿದೆಯಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿಕೊಂಡೇ ಬಂದೆ.