ಮಾವನವರು ಬೆಸೆದ ವಾಯರ್

ನ್ಯಾನ್ಸಿಯ ಬೆರಳು ಗಿಟಾರಿನ ತಂತಿಗೆ ತಾಗುವ ಮೊದಲೇ ಸ್ಪೀಕರ್ ಗುಂಯ್ ಎಂದಿತು. ಚರ್ಚಿನ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ಸಭಾಹಿರಿಯ ಎಬಿನೇಜರ್ ಕನ್ನಡಕ ತೆಗೆದು ಮಡಿಸಿದರು. ಅವರು ಕನ್ನಡಕ ತೆಗೆದರೆ ತೀರ್ಪು ಬಂತೆಂದೇ ಲೆಕ್ಕ.

"ಪೆಟ್ಟಿಗ್ಯಾಗ ದುಂಬಿ ತುಂಬೀಯೇನವಾ? ನಾಳೆನೂ ಹಿಂಗ ಅಂದ್ರ ಹಾರ್ಮೋನಿಯಂ ಒಂದ ಸಾಕು."

ನಾಳೆ ಸುಗ್ಗಿ ಆರಾಧನೆ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ನ್ಯಾನ್ಸಿ ಈ ಚರ್ಚಿನಲ್ಲಿ ಮೊದಲ ಬಾರಿ ಗಿಟಾರ್ ನುಡಿಸುವುದಿತ್ತು. ಗಿಟಾರನ್ನು ಸ್ಪೀಕರಿಗೆ ಜೋಡಿಸುವ ವಾಯರ್ ಮಾಡಿಕೊಟ್ಟವರು ಮಾವ ಯೇಸುದಾಸ. ರೈಲು ಡಬ್ಬಿಗಳ ದೀಪ, ಫ್ಯಾನುಗಳಿಗೆ ವಾಯರಿಂಗ್ ಮಾಡಿ ನಿವೃತ್ತರಾದವರು. ಅಂಗಡಿಯಲ್ಲಿ ಸಿಗುವ ಸಿದ್ಧ ವಾಯರನ್ನು ದಾರವೆಂದು ಗೇಲಿ ಮಾಡಿ, ದೇಶಪಾಂಡೆ ನಗರದಿಂದ ಸಾಮಾನು ತಂದು, ಎರಡೂ ತುದಿಗೆ ತಾವೇ ಪಿನ್ನು ಬೆಸೆದಿದ್ದರು. ಅದನ್ನು ತಪ್ಪು ಎನ್ನುವುದು ಹೇಗೆ? ನ್ಯಾನ್ಸಿ ಮೊದಲು ಕರೆಂಟನ್ನು ದೂರಿದಳು, ಆಮೇಲೆ ಸ್ಪೀಕರನ್ನು, ಕಡೆಗೆ ತನ್ನ ಗಿಟಾರನ್ನೇ.

ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿದ್ದ ಯೇಸುದಾಸ ಎದ್ದು ಬಂದರು. ತಮ್ಮ ಕೆಲಸ ಎಷ್ಟು ಗಟ್ಟಿ ಎಂದು ತೋರಿಸಲು ವಾಯರನ್ನು ಮುಷ್ಟಿಯಲ್ಲಿ ಹಿಡಿದರು. ಗುಂಯ್ ಜೋರಾಯಿತು. ಬಿಟ್ಟರು, ಇಳಿಯಿತು. ಮತ್ತೆ ಹಿಡಿದರು, ಮತ್ತೆ ಏರಿತು.

"ನಿನ್ನ ಕೈ ಗುರ್ತು ಹಿಡೀತೈತಲ್ಲೋ ಯೇಸುದಾಸ," ಎಂದರು ಎಬಿನೇಜರ್.

ಇನ್ನು ಮುಚ್ಚಿಡುವಂತಿರಲಿಲ್ಲ. ಒಳಗಿನ ಸಣ್ಣ ತಂತಿಯನ್ನು ಪಿನ್ನಿನ ಯಾವ ಭಾಗಕ್ಕೆ ಬೆಸೆದಿರಿ ಎಂದು ನ್ಯಾನ್ಸಿ ಮೆಲ್ಲಗೆ ಕೇಳಿದಳು. ಬುಡಕ್ಕೆ, ಎಂದರು ಮಾವ. ಬುಡ ಅರ್ಥಿಂಗಿನದು, ಅದಕ್ಕೆ ಸಣ್ಣ ತಂತಿ ಸಾಕು. ಆ ತಂತಿಯ ಸುತ್ತ ಹೆಣೆದ ಜಾಳಿಗೆ ದಪ್ಪ. ಹಾಡಿನ ಭಾರ ಹೊರಲಿ ಎಂದು ಅದನ್ನು ಸದ್ದು ಸಾಗುವ ಪಿನ್ನಿನ ಮೊನೆಗೆ ಕೊಟ್ಟಿದ್ದರು. ಫ್ಯಾನಿಗೆ ವಾಯರ್ ಆರಿಸುವ ಲೆಕ್ಕ ಅದು.

"ಮಾವಾರ, ಗಿಟಾರಿನ ಕರೆಂಟಿಗೆ ಭಾರನ ಇಲ್ರಿ. ಅದು ಒಳಗಿನ ತಂತ್ಯಾಗ ಹೋಗಬೇಕು. ಜಾಳಿಗಿ ಅರ್ಥಿಂಗ್ ಆಗಿ ಸುತ್ತ ನಿಂತು, ಹೊರಗಿನ ಗುಂಯ್ ತಡೀಬೇಕು."

ಯೇಸುದಾಸ ವಾಯರ್ ನೋಡಿದರು, ತಮ್ಮ ಮುಷ್ಟಿ ನೋಡಿಕೊಂಡರು. "ಹಂಗಾರ ನಾ ಬಾಗಲಾ ಕಾಯಾಂವನ್ನ ಹಾಡಾಕ ನಿಲ್ಲಿಸೇನಿ," ಎಂದು ನಕ್ಕು, ಎರಡೂ ತುದಿ ಬಿಚ್ಚಿ ಬೆಸೆಯಲು ವಾಯರನ್ನು ಸುತ್ತಿಕೊಂಡು ಮನೆಗೆ ಹೊರಟರು.

ಮರುದಿನ ಜೋಳದ ತೆನೆ, ಕುಂಬಳಕಾಯಿಗಳ ನಡುವೆ ಗಿಟಾರ್ ತಿಳಿಯಾಗಿ ನುಡಿಯಿತು. ಎಬಿನೇಜರ್ ಅವರ ಕನ್ನಡಕ ಮೂಗಿನ ಮೇಲೆಯೇ ಇತ್ತು. ಎರಡನೇ ಚರಣಕ್ಕೆ ಎಲ್ಲಿಂದಲೋ ಮತ್ತೆ ಗುಂಯ್ ಕೇಳಿಸಿತು. ಅವರ ಕೈ ಕನ್ನಡಕಕ್ಕೆ ಹೋಯಿತು.

ನ್ಯಾನ್ಸಿ ನುಡಿಸುತ್ತಲೇ ಅವರ ಕಡೆ ಬಾಗಿ, ಹಿಂದಿನ ಸಾಲನ್ನು ಕಣ್ಣಲ್ಲೇ ತೋರಿಸಿದಳು. ಅಲ್ಲಿ ಯೇಸುದಾಸ ಕಣ್ಣು ಮುಚ್ಚಿ, ತಲೆದೂಗುತ್ತ, ಸೊಸೆಯ ಗಿಟಾರಿಗೆ ಮೂಗಿನಲ್ಲೇ ರಾಗ ಎಳೆಯುತ್ತಿದ್ದರು.

"ಅದು ವಾಯರ್‌ದಲ್ರಿ ಕಾಕಾ," ಎಂದಳು ಪಿಸುದನಿಯಲ್ಲಿ. "ಅದಕ್ಕ ಅರ್ಥಿಂಗ್ ಇಲ್ರಿ."